ಮೌತ್ ಆರ್ಗನ್‌ಗೆ ಯಾವ ಮೈಕ್, ಯಾವ ಆಂಪ್?

ಪ್ರಶ್ನೆ: ಮೌತ್ ಆರ್ಗನ್‌ನಲ್ಲಿ ಬ್ಲೂಸ್ ಕಲಿಯುತ್ತಿದ್ದೇನೆ. ಹಳೆಯ ರೆಕಾರ್ಡುಗಳಲ್ಲಿ ಕೇಳುವ ಆ ಒರಟು, ದಪ್ಪ ದನಿ ಬರಲು ಏನು ಕೊಳ್ಳಬೇಕು?
– ಓದುಗರೊಬ್ಬರು, ಮತ್ತಿಕೆರೆ

ಉತ್ತರ: ಆ ದನಿ ಅರ್ಧದಷ್ಟು ಅಂಗೈಯಲ್ಲೇ ಹುಟ್ಟುತ್ತದೆ. ಬ್ಲೂಸ್ ಮೌತ್ ಆರ್ಗನ್ ವಾದಕ ಲಿಟಲ್ ವಾಲ್ಟರ್ 1952ರಲ್ಲಿ ಷಿಕಾಗೋದಲ್ಲಿ ‘ಜ್ಯೂಕ್’ ರೆಕಾರ್ಡ್ ಮಾಡಿದ ಕಾಲದ ವಾದಕರು ಮೈಕನ್ನೂ ವಾದ್ಯವನ್ನೂ ಒಂದೇ ಬೊಗಸೆಯಲ್ಲಿ ಮುಚ್ಚಿ ಹಿಡಿದು, ಸಣ್ಣ ವಾಲ್ವ್ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸುತ್ತಿದ್ದರು. ಗಾಳಿ ಸೋರದ ಹಾಗೆ ಹಿಡಿದಷ್ಟೂ ದನಿ ದಪ್ಪವಾಗುತ್ತದೆ.

ಶೂರ್ ಕಂಪನಿಯ ‘ಗ್ರೀನ್ ಬುಲೆಟ್’ ಇದಕ್ಕೆಂದೇ ಹೆಸರಾದ ಮೈಕ್. ಆದರೆ ಮೊದಲು ಅದೇ ಕಂಪನಿಯ ಎಸ್‌ಎಂ57 ಅಥವಾ ಎಸ್‌ಎಂ58 ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ, ಹಾಡಲೂ ಬರುತ್ತದೆ. ಇವು ಲೋ ಇಂಪೀಡೆನ್ಸ್ ಮೈಕುಗಳು. ಗಿಟಾರ್ ಆಂಪ್‌ಗೆ ನೇರವಾಗಿ ಸಿಕ್ಕಿಸಿದರೆ ದನಿ ಬಡವಾಗುತ್ತದೆ, ನಡುವೆ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯ ಕ್ರಿಸ್ಟಲ್ ಮೈಕ್ ಸಿಕ್ಕರೆ ಹಿಗ್ಗಬೇಡಿ. ಸೆಕೆ, ತೇವಾಂಶ ಎರಡೂ ಅದರ ಹರಳನ್ನು ಕೊಲ್ಲುತ್ತವೆ.

ಗೋಡೆಗೆ ಗೋಡೆ ತಾಗಿದ ಮನೆಗಳಿಗೆ 5 ವಾಟ್‌ನ ವಾಲ್ವ್ ಆಂಪ್ ಧಾರಾಳ. ಟ್ರೆಬಲ್ ಇಳಿಸಿ, ಬಾಸ್ ಏರಿಸಿ. ಗಿಟಾರಿಗರು ಇಷ್ಟಪಡುವ ಡಿಸ್ಟಾರ್ಶನ್ ಚಾನೆಲ್ ಮುಟ್ಟಲೇಬೇಡಿ, ಮೈಕ್ ತಕ್ಷಣ ಕೂಗುತ್ತದೆ. ಸ್ಪೀಕರ್‌ನಿಂದ ದೂರ, ಪಕ್ಕಕ್ಕೆ ನಿಂತು ನುಡಿಸಿ.

ಹಳೆಯ ಮೈಕ್‌ಸೆಟ್‌ನ ವಾಲ್ವ್ ಆಂಪ್ ಸಿಕ್ಕರೆ ಅದೃಷ್ಟ. ಆದರೆ ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ.