ಒಂಬತ್ತು ರೂಪಾಯಿಯ ಪ್ರೋಟೀನ್ ಬಾರ್

ಒಗೆಯಲು ಹಾಕೋಣವೆಂದು ಮಗಳ ಬ್ಯಾಗನ್ನು ಜಾಡಿಸಿದಾಗ ಬದಿಯ ಜೇಬಿನಿಂದ ಮೂರು ಖಾಲಿ ಹೊದಿಕೆಗಳು ಉದುರಿದವು. ಮಿರಮಿರ ಮಿಂಚುವ ಕಾಗದ. ಮುಂದೆ ದಪ್ಪಕ್ಷರದಲ್ಲಿ ‘20 ಗ್ರಾಂ ಪ್ರೋಟೀನ್’, ಹಿಂದೆ ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣದಾಗಿ ‘120 ರೂಪಾಯಿ’. ವಾರಕ್ಕೆ ಐದು ದಿನ ಬ್ಯಾಡ್ಮಿಂಟನ್ ಅಭ್ಯಾಸ, ದಿನಕ್ಕೊಂದು ಬಾರ್. ತಿಂಗಳಿಗೆ 2,400 ರೂಪಾಯಿ. ನಮ್ಮ ಮನೆಯ ಹಾಲಿನ ಬಿಲ್ಲೇ ಅಷ್ಟಾಗುವುದಿಲ್ಲ.

“ಪಫ್ ತಿಂದ್ರೂ ಬೈತೀಯ, ಇದು ತಿಂದ್ರೂ ಬೈತೀಯ. ಏನ್ ತಿನ್ಲಿ ಹೇಳಪ್ಪಾ” ಅಂದಳು.

ಅವಳ ಮಾತಲ್ಲಿ ನ್ಯಾಯವಿತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಬಂದವನು ನಾನು, ಲೆಕ್ಕಕ್ಕೆ ಹೆದರಿದವನಲ್ಲ. ಒಲೆಯ ಮುಂದೆ ನಿಲ್ಲುವುದು ಮಾತ್ರ ಹೊಸದು. ‘ಮನೇಲೇ ಮಾಡಿಕೊಡ್ತೀನಿ’ ಅಂತ ಬಾಯಿತಪ್ಪಿ ಹೇಳಿಬಿಟ್ಟೆ. ಮೈಸೂರಿನ ನಮ್ಮ ಮನೆಯ ಅಡುಗೆಕಟ್ಟೆ ಆಮೇಲಿನ ಮೂರು ಭಾನುವಾರ ನನ್ನ ವಶದಲ್ಲಿತ್ತು.

ಮೊದಲು ಮಾಡಿದ ಕೆಲಸ ಆ ಹೊದಿಕೆಯನ್ನು ಪೂರ್ತಿ ಓದಿದ್ದು. ಪೊಟ್ಟಣದ ಮೇಲೆ ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ; ಯಾವುದು ಮೊದಲಿದೆಯೋ ಅದೇ ಹೆಚ್ಚು. ನಮ್ಮ ಬಾರಿನಲ್ಲಿ ಮೊದಲು ವೇ ಪ್ರೋಟೀನ್, ಆಮೇಲೆ ಸೋಯಾ, ಆಮೇಲೆ ಮಾಲ್ಟಿಟಾಲ್, ಗ್ಲಿಸರಿನ್. ಮುಂಭಾಗದ ಚಿತ್ರದಲ್ಲಿ ರಾಶಿ ಬಿದ್ದಿದ್ದ ಬಾದಾಮಿ ಪಟ್ಟಿಯ ಬಾಲದಲ್ಲಿ ಎಲ್ಲೋ ಇತ್ತು.

ವೇ ಅಂದರೆ ಚೀಸ್ ಮಾಡುವಾಗ ಗಟ್ಟಿ ಭಾಗ ತೆಗೆದ ಮೇಲೆ ಉಳಿಯುವ ತಿಳಿನೀರು. ನಾವು ಪನೀರ್ ಸೋಸಿ ಚೆಲ್ಲುವ ನೀರಿಗೆ ಅಣ್ಣತಮ್ಮ. ನೂರು ಲೀಟರ್ ಅಂಥ ನೀರಿನಲ್ಲಿ ಪ್ರೋಟೀನ್ ಒಂದು ಕಿಲೋ ಕೂಡ ಇರುವುದಿಲ್ಲ. ಅದನ್ನು ಸೋಸಿ, ಸಾಂದ್ರಗೊಳಿಸಿ, ಒಣಗಿಸಿ ಪುಡಿ ಮಾಡುವ ಖರ್ಚೂ ಬಾರಿನ ಬೆಲೆಯಲ್ಲಿ ಸೇರಿರುತ್ತದೆ. ಗ್ಲಿಸರಿನ್ ತೇವ ಹಿಡಿದಿಡುತ್ತದೆ. ಬಾರ್ ತಿಂಗಳುಗಟ್ಟಲೆ ಮೆತ್ತಗಿರುವ ಗುಟ್ಟು ಅದು. ಸಕ್ಕರೆ ಇಲ್ಲ ಎಂದು ಹೇಳಿಕೊಳ್ಳಲು ಮಾಲ್ಟಿಟಾಲ್ ಹಾಕುತ್ತಾರೆ. ಅದು ಪೂರ್ತಿ ಜೀರ್ಣವಾಗುವುದಿಲ್ಲ, ಹೆಚ್ಚಾದರೆ ಹೊಟ್ಟೆ ಗುಡುಗುಡು ಅನ್ನುತ್ತದೆ. ಮಗಳು ಅದನ್ನು ಕೋರ್ಟಿನಲ್ಲಿ ಬಿದ್ದು ಎದ್ದದ್ದರ ಲೆಕ್ಕಕ್ಕೆ ಬರೆದಿದ್ದಳು.

ಹಾಗಂತ ಕಾರ್ಖಾನೆಯ ಬಾರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತಮಾಷೆಯೆಂದರೆ ಅದರ ಮೂಲವೂ ಮನೆಯ ಒಲೆಯೇ. ಬ್ರಯಾನ್ ಮ್ಯಾಕ್ಸ್‌ವೆಲ್ ಎಂಬ ಕೆನಡಾದ ಮ್ಯಾರಥಾನ್ ಓಟಗಾರ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದಾಗ, ಓಡುವಾಗ ಹೊಟ್ಟೆಗೆ ಭಾರವಾಗದೆ ಶಕ್ತಿ ಕೊಡುವ ತಿನಿಸಿಗಾಗಿ ಜೆನಿಫರ್ ಎಂಬಾಕೆಯ ಜೊತೆ ಅಡುಗೆಮನೆಯಲ್ಲೇ ಪ್ರಯೋಗ ಮಾಡಿದ. ಆಕೆ ಆಮೇಲೆ ಅವನ ಹೆಂಡತಿಯಾದಳು. ಅದು 1986ರಲ್ಲಿ ಪವರ್‌ಬಾರ್ ಎಂದು ಮಾರುಕಟ್ಟೆಗೆ ಬಂತು. 2000ದಲ್ಲಿ ನೆಸ್ಲೆ ಆ ಕಂಪನಿಯನ್ನೇ ಕೊಂಡಿತು. ಅವರೂ ಮೊದಲು ನಾಲ್ಕಾರು ಬಾಣಲೆ ಹಾಳು ಮಾಡಿರಬೇಕು ಅಂತ ನನ್ನ ಅಂದಾಜು. ಸಮಾಧಾನಕ್ಕೆ ಹೇಳಿಕೊಂಡೆ, ಯಾಕೆಂದರೆ ನಾನು ಹಾಳು ಮಾಡಿದ್ದು ಎರಡು.

ಮೊದಲನೆಯದು ಪಾಕದ ಕೇಡು. ಬೆಲ್ಲ ಕುದಿಯುತ್ತಿದ್ದಾಗ ಫೋನ್ ಬಂತು, ಎರಡು ನಿಮಿಷ ಅಷ್ಟೆ. ತಟ್ಟೆಗೆ ಸುರಿದದ್ದು ತಣ್ಣಗಾದ ಮೇಲೆ ಚಪ್ಪಡಿ ಕಲ್ಲಾಯಿತು. ಚಾಕು ಇಳಿಯಲಿಲ್ಲ, ಒರಳಿನ ಗುಂಡುಕಲ್ಲು ತಂದು ಒಡೆದೆವು. ಎರಡನೆಯ ವಾರ ಜಾಣತನ ಮಾಡಲು ಹೋಗಿ ಒಂದು ಡಬ್ಬಿ ವೇ ಪುಡಿ ತಂದು ಕುದಿಯುವ ಪಾಕಕ್ಕೇ ಸುರಿದೆ. ಹಾಲು ಒಡೆದಂತೆ ಗಂಟುಗಂಟಾಯಿತು. ಮೊಟ್ಟೆಯ ಬಿಳಿ ಬಿಸಿಗೆ ಹೆಪ್ಪುಗಟ್ಟುವ ಹಾಗೆ ಈ ಪ್ರೋಟೀನೂ ಬಿಸಿಗೆ ಹೆಪ್ಪುಗಟ್ಟುತ್ತದೆಂಬುದು ಸಾವಿರಾರು ರೂಪಾಯಿಯ ಡಬ್ಬಿ ತೆರೆದ ಮೇಲೆ ಹೊಳೆಯಿತು. ಮನೆಯವಳು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಹೆಚ್ಚು ಕೇಳಿಸಿತು.

ಮೂರನೆಯ ವಾರ ಡಬ್ಬಿ ಬದಿಗಿಟ್ಟು ದೇವರಾಜ ಮಾರುಕಟ್ಟೆಯ ಕಡೆ ನಡೆದೆ. 200 ಗ್ರಾಂ ಹುರಿಗಡಲೆ, 200 ಗ್ರಾಂ ಕಡಲೆಕಾಯಿ ಬೀಜ, 50 ಗ್ರಾಂ ಬಿಳಿ ಎಳ್ಳು, 200 ಗ್ರಾಂ ಬೆಲ್ಲ. ಜೊತೆಗೆ 100 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ. ವೇ ಪುಡಿಯ ಜಾಗಕ್ಕೆ ಬಂದದ್ದು ಅದೇ. ನೂರು ಗ್ರಾಮಿಗೆ ಸುಮಾರು 35 ಗ್ರಾಂ ಪ್ರೋಟೀನ್, ಬೆಲೆ ಮಾತ್ರ ವೇ ಪುಡಿಯ ಹತ್ತಿರಕ್ಕೂ ಬರುವುದಿಲ್ಲ. ಕಡಲೆಬೀಜದಲ್ಲಿ ನೂರಕ್ಕೆ 25, ಹುರಿಗಡಲೆಯಲ್ಲಿ 20ರ ಮೇಲೆ, ಎಳ್ಳಿನಲ್ಲಿ 18ರ ಆಸುಪಾಸು. ಎಳ್ಳು ಬರೀ ರುಚಿಗಲ್ಲ. ಕಡಲೆಯಂಥ ಬೇಳೆಕಾಳುಗಳಲ್ಲಿ ಕಮ್ಮಿಯಿರುವ ಮೆಥಿಯೋನಿನ್ ಎಂಬ ಅಂಶ ಎಳ್ಳಿನಲ್ಲಿ ಧಾರಾಳವಾಗಿದೆ, ಎಳ್ಳಿನಲ್ಲಿ ಕಮ್ಮಿಯಿರುವ ಲೈಸಿನ್ ಎಂಬ ಇನ್ನೊಂದು ಅಂಶವನ್ನು ಕಡಲೆಯೂ ಹಾಲೂ ತುಂಬಿಕೊಡುತ್ತವೆ. ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆಯಲ್ಲಿ ಹುರಿಗಡಲೆ, ಕಡಲೆಬೀಜ, ಎಳ್ಳು ಒಟ್ಟಿಗೇ ಇರುವುದು ಗೊತ್ತಲ್ಲ.

ಕಡಲೆಬೀಜವನ್ನು ಮಾತ್ರ ಕಣ್ಣಿಟ್ಟು ಆರಿಸಬೇಕು. ಸುಕ್ಕಿದ್ದು, ಕಪ್ಪಾದದ್ದು, ಕಹಿ ವಾಸನೆಯದ್ದು ನೇರ ಕಸಕ್ಕೆ. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಒಂದು ಕಪ್ಪು ಬೀಜ ಉಳಿಸಿದರೆ ಏನು ಲಾಭ ಹೇಳಿ.

ಬೀಜವನ್ನು ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಹುರಿದು, ತಣಿದ ಮೇಲೆ ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿದೆ. ಅರ್ಧವನ್ನು ತರಿತರಿ ಕುಟ್ಟಿಟ್ಟೆ. ಇನ್ನರ್ಧವನ್ನು ಮಿಕ್ಸಿಗೆ ಹಾಕಿ ತಿರುಗಿಸುತ್ತಲೇ ಹೋದೆ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ತನ್ನದೇ ಎಣ್ಣೆ ಬಿಟ್ಟುಕೊಂಡು ದೋಸೆಹಿಟ್ಟಿನ ಹಾಗೆ ಜಾರತೊಡಗಿತು. ಇದೇ ಬಾರಿನ ಅಂಟು. ಇದಿದ್ದರೆ ಬೆಲ್ಲ ಕಮ್ಮಿ ಸಾಕು. ಹುರಿಗಡಲೆಯೂ ಅರ್ಧ ಪುಡಿ, ಅರ್ಧ ಇಡಿ. ಎಳ್ಳು ಚಟಪಟ ಅನ್ನುವವರೆಗೆ ಹುರಿದದ್ದು. ಹಾಲಿನ ಪುಡಿ ಹಸಿಯದೇ.

ಇನ್ನು ಪಾಕ. ಬೆಲ್ಲಕ್ಕೆ ನಾಲ್ಕು ಚಮಚ ನೀರು, ಕರಗಿದ ಕೂಡಲೇ ಸೋಸಿ ಮತ್ತೆ ಒಲೆಗೆ. (ಸೋಸದಿದ್ದರೆ ಹಲ್ಲಿಗೆ ಸಿಗುವ ಮರಳಿಗೆ ನಾನು ಹೊಣೆಯಲ್ಲ.) ನೊರೆ ಏರಿ ಇಳಿದು ದಪ್ಪ ಗುಳ್ಳೆಗಳು ಬರುವಾಗ ಪಕ್ಕದಲ್ಲಿ ಬಟ್ಟಲು ನೀರು ಇಟ್ಟುಕೊಳ್ಳಬೇಕು. ಒಂದು ಹನಿ ಬಿಟ್ಟೆ, ನೀರಲ್ಲಿ ಹರಡಿಹೋಯಿತು. ಒಂದು ನಿಮಿಷದ ಮೇಲೆ ಮತ್ತೊಂದು ಹನಿ; ತಳದಲ್ಲಿ ಕೂತಿತು, ಬೆರಳಿಗೆ ಸಿಗಲಿಲ್ಲ. ಮೂರನೆಯದು ಎರಡು ಬೆರಳ ನಡುವೆ ಮೆತ್ತನೆಯ ಉಂಡೆಯಾಯಿತು. ಉಂಡೆಪಾಕ. ಅಲ್ಲಿಗೆ ಒಲೆ ಆರಿಸಿಬಿಡಬೇಕು. ಹನಿಯನ್ನು ತಟ್ಟೆಗೆ ಕುಟ್ಟಿದರೆ ಟಣ್ ಅನ್ನುವಷ್ಟು ಏರಿತೋ, ಅದು ಚಿಕ್ಕಿಯ ಪಾಕ. ಮತ್ತೆ ಗುಂಡುಕಲ್ಲೇ ಗತಿ. ಒಂದು ಚಮಚ ತುಪ್ಪ, ಏಲಕ್ಕಿ, ಚಿಟಿಕೆ ಉಪ್ಪು, ಬೀಜದ ಮುದ್ದೆ ಮೊದಲು. ಎರಡು ನಿಮಿಷ ಬಿಟ್ಟು ಒಣ ಪದಾರ್ಥ, ಹಾಲಿನ ಪುಡಿ ಕಟ್ಟಕಡೆಗೆ. ತುಪ್ಪ ಸವರಿದ ತಟ್ಟೆಗೆ ಹಾಕಿ ಬಟ್ಟಲಿನ ತಳದಿಂದ ಬಲವಾಗಿ ಒತ್ತಬೇಕು. ಒತ್ತಲು ಸೋಮಾರಿತನ ಮಾಡಿದರೆ ಕತ್ತರಿಸುವಾಗ ಪುಡಿಯಾಗುತ್ತದೆ. ಕೈ ಸುಡದಷ್ಟು ಬೆಚ್ಚಗಿರುವಾಗಲೇ ಚಾಕು ಹಾಕಬೇಕು, ಪೂರ್ತಿ ಆರಿದ ಮೇಲಲ್ಲ.

ಹದಿನೆಂಟು ತುಂಡುಗಳಾದವು. ಸಾಮಾನು, ಗ್ಯಾಸು ಎಲ್ಲಾ ಸೇರಿ ಸುಮಾರು 150 ರೂಪಾಯಿ. ಒಂದಕ್ಕೆ ಎಂಟೂ ಕಾಲು ಚಿಲ್ಲರೆ, 9 ಅಂತಿಟ್ಟುಕೊಳ್ಳಿ. ಒಂದೊಂದರಲ್ಲಿ ಪ್ರೋಟೀನ್ ಏಳೂವರೆ ಗ್ರಾಂ. ಅಂಗಡಿಯದ್ದರಲ್ಲಿ ಒಂದು ಗ್ರಾಂ ಪ್ರೋಟೀನಿಗೆ 6 ರೂಪಾಯಿ ಬಿದ್ದರೆ ನನ್ನದಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಗೆದ್ದೆ ಅಂದುಕೊಂಡೆ.

ಲೆಕ್ಕದ ಇನ್ನೊಂದು ಕಲಮು ನೋಡಿದ ಮೇಲೆ ಉತ್ಸಾಹ ಸ್ವಲ್ಪ ಇಳಿಯಿತು. ನನ್ನ ಬಾರ್ ಒಂದರಲ್ಲಿ ಸುಮಾರು 190 ಕ್ಯಾಲೊರಿ, 11 ಗ್ರಾಂ ಬೆಲ್ಲ. ಅಂಗಡಿಯ ಒಂದು ಬಾರಿನ 20 ಗ್ರಾಂ ಪ್ರೋಟೀನ್ ಬೇಕೆಂದರೆ ನನ್ನದು ಎರಡೂ ಮುಕ್ಕಾಲು ತಿನ್ನಬೇಕು. ಕ್ಯಾಲೊರಿ 500 ದಾಟುತ್ತದೆ. ಅಂಗಡಿಯದ್ದು ಅದರ ಅರ್ಧದಲ್ಲೇ ಮುಗಿಸುತ್ತದೆ. 120 ರೂಪಾಯಿ ಕೊಡುವುದು ಪ್ರೋಟೀನಿಗಲ್ಲ, ಪ್ರೋಟೀನಿನ ಜೊತೆ ಬರುವ ಎಣ್ಣೆ, ಪಿಷ್ಟ, ಸಿಹಿಯನ್ನು ತೆಗೆದುಹಾಕಿದ್ದಕ್ಕೆ. ಮನೆಯ ಬಾಣಲೆಯಲ್ಲಿ ಹಾಗೆ ತೆಗೆಯಲು ಆಗುವುದಿಲ್ಲ. ‘ಅದೇ ಬಾರನ್ನು ಹತ್ತನೇ ಒಂದು ಬೆಲೆಗೆ ಮನೆಯಲ್ಲೇ ಮಾಡಿ’ ಎನ್ನುವವರು ಈ ಕಲಮನ್ನು ಮುಚ್ಚಿಡುತ್ತಾರೆ.

ಹಾಗೆ ತೆಗೆದದ್ದು ಬೇಕೇ ಎಂಬುದು ಬೇರೆ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು; 55 ಕಿಲೋ ತೂಗುವವರಿಗೆ 46 ಗ್ರಾಂ. ದಿನಾ ಆಡುವ ಮಗಳಿಗೆ ಸ್ವಲ್ಪ ಹೆಚ್ಚೇ ಬೇಕಾಗಬಹುದು. ಬೆಳಗಿನ ಇಡ್ಲಿ ಸಾಂಬಾರು, ಮಧ್ಯಾಹ್ನದ ಬೇಳೆ ಮೊಸರು, ರಾತ್ರಿಯ ಹಾಲು ಸೇರಿ ಬಹುಪಾಲು ತುಂಬುತ್ತದೆ. ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದು 2024ರ ಆಹಾರ ಮಾರ್ಗಸೂಚಿಯಲ್ಲೂ ಅದೇ ಸಂಸ್ಥೆ ಹೇಳಿದೆ. ಉಳಿಯುವುದು ಸಂಜೆ ನಾಲ್ಕೂವರೆಯ ಹಸಿವು. ಅಲ್ಲಿ ನನ್ನ ಬಾರಿನ ಎದುರಾಳಿ ಮಿಂಚು ಕಾಗದದ್ದಲ್ಲ, ಬೇಕರಿಯ ಪಫ್. ಅದರಲ್ಲಿ ಮೈದಾ, ವನಸ್ಪತಿ. ಪ್ರೋಟೀನ್ ಹೆಚ್ಚೆಂದರೆ ನಾಲ್ಕೈದು ಗ್ರಾಂ, ಬೆಲೆ ನಮ್ಮ ಬೀದಿಯಲ್ಲಿ 25. ಆ ಅಂಗಳದಲ್ಲಿ ಒಂಬತ್ತು ರೂಪಾಯಿಯದ್ದು ನಿರಾಯಾಸವಾಗಿ ಗೆಲ್ಲುತ್ತದೆ. ಮೊಟ್ಟೆ ತಿನ್ನುವ ಮನೆಯವರಾದರೆ ಈ ಲೇಖನವೇ ಬೇಡ; ಬೇಯಿಸಿದ ಎರಡು ಮೊಟ್ಟೆ, 12 ಗ್ರಾಂ ಪ್ರೋಟೀನ್, ಪಾಕದ ಹಂಗಿಲ್ಲ.

ಕಡಲೆಬೀಜ, ಹುರಿಗಡಲೆಯ ಈ ಜೋಡಿ ನಾನು ಕಂಡುಹಿಡಿದದ್ದೇನೂ ಅಲ್ಲ. ನಮ್ಮೂರಲ್ಲೇ, ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅಪೌಷ್ಟಿಕತೆ ಊರೂರಲ್ಲಿದ್ದ ಆ ಕಾಲದಲ್ಲಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಪುಡಿ ತಯಾರಿಸಿತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಮೇಲೆ ಜೀವಸತ್ವ, ಸುಣ್ಣದಂಶ. ಪ್ರೋಟೀನ್ ನೂರಕ್ಕೆ ನಲವತ್ತರಷ್ಟು. ಗಾಣದಿಂದ ಎಣ್ಣೆ ಹೋದ ಮೇಲೆ ಉಳಿದು ಸಾಮಾನ್ಯವಾಗಿ ದನಕ್ಕೆ ಹೋಗುತ್ತಿದ್ದ ಹಿಂಡಿಯಲ್ಲೇ ಪ್ರೋಟೀನ್ ಕೂತಿದೆ ಎಂಬುದು ಅದರ ಹಿಂದಿನ ವಿಚಾರ. ನನ್ನ ಬಾಣಲೆಗೆ ಆಗದ ಕೆಲಸವನ್ನು ಗಾಣ ಮಾಡುತ್ತದೆ, ಅಂದರೆ ಎಣ್ಣೆ ಬೇರ್ಪಡಿಸುವುದು. ಈಗ ಎಣ್ಣೆ ತೆಗೆದ ಕಡಲೆಬೀಜದ ತಿನ್ನುವ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಮುಂದಿನ ಸಲ ಹಾಲಿನ ಪುಡಿಯ ಅರ್ಧ ಜಾಗಕ್ಕೆ ಅದನ್ನು ಹಾಕಿ ನೋಡುವ ಯೋಚನೆಯಿದೆ.

ಹೆಂಡತಿಯ ತವರು ಗೋಕಾಕ. ಮೂರನೆಯ ಭಾನುವಾರ ಅತ್ತೆಯವರು ಬಂದಿದ್ದರು. ಒಂದು ತುಂಡು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದು, “ಇದಕ್ಯಾಕ್ರೀ ಇಂಗ್ಲಿಷ್ ಹೆಸರು? ಅಂಟು ಹಾಕಲಾರದ ಕರದಂಟು ಇದು” ಅಂದರು. ಮಾತು ಅಕ್ಷರಶಃ ಸರಿ. ತುಪ್ಪದಲ್ಲಿ ಕರಿದ ಅಂಟು, ಕೊಬ್ಬರಿ, ಒಣಹಣ್ಣು, ಬೆಲ್ಲ ಸೇರಿಸಿ ತಟ್ಟೆಗೆ ಹರವಿ ಚೌಕ ಕತ್ತರಿಸುವ ಗೋಕಾಕದ, ಅಮೀನಗಡದ ಕರದಂಟು ಆಕಾರದಲ್ಲಿ ಬಾರೇ. ಆದರೆ ಅಜ್ಜಿಯರಿಗೆ ಎಲ್ಲಾ ಗೊತ್ತಿತ್ತು ಅಂತ ಹಾಡುವವರ ಗುಂಪಿಗೆ ನಾನು ಸೇರುವುದಿಲ್ಲ. ಕರದಂಟು ಬಾಣಂತಿಗೆ, ಕುಸ್ತಿ ಆಡುವವರಿಗೆ, ಮೈಮುರಿದು ದುಡಿಯುವವರಿಗೆ ಹೇಳಿ ಮಾಡಿಸಿದ್ದು. ಅದರ ಬಲ ತುಪ್ಪ, ಬೆಲ್ಲದಲ್ಲಿದೆ, ಪ್ರೋಟೀನಿನಲ್ಲಲ್ಲ. ಇಡೀ ದಿನ ಕುರ್ಚಿಯಲ್ಲಿ ಕೂತು ದಿನಕ್ಕೆರಡು ತಿಂದರೆ ಮುಂದಿನ ವರ್ಷ ಬೆಲ್ಟಿಗೆ ಹೊಸ ತೂತು ಬೇಕಾಗುತ್ತದೆ. ನನ್ನ ಬಾರಿಗೂ ಇದೇ ಮಾತು ಅನ್ವಯ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ.

ಡಬ್ಬಿಯಲ್ಲಿ ಹಾಕಿಟ್ಟರೆ ಹೊರಗೆ ವಾರ, ಫ್ರಿಜ್ಜಿನಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಅಷ್ಟು ನಂಬಬೇಡಿ. ದಿನ ಕಳೆದಂತೆ ಹಾಲಿನ ಪುಡಿ ತೇವ ಹೀರಿಕೊಂಡು ಬಾರ್ ಸ್ವಲ್ಪ ಗಟ್ಟಿಯಾಗುತ್ತದೆ. ಗ್ಲಿಸರಿನ್ ಇಲ್ಲದ ಬಾರಿನ ಪಾಡು ಅದು. ಎಣ್ಣೆಯ ಕಮಟು ವಾಸನೆ ಬಂದರೆ ಮಾತ್ರ ಎಸೆದುಬಿಡಿ.

ಮಗಳ ತೀರ್ಪು ಇನ್ನೂ ಪೂರ್ತಿ ಬಂದಿಲ್ಲ. ಅಭ್ಯಾಸದ ದಿನಗಳಲ್ಲಿ ಎರಡು ತುಂಡು ಒಯ್ಯುತ್ತಾಳೆ, ಪಂದ್ಯವಿದ್ದ ದಿನ ಮಿಂಚು ಕಾಗದದ್ದೇ ಬೇಕಂತೆ. ತಿಂಗಳಿಗೆ ನಾಲ್ಕು. ಒಪ್ಪಿಕೊಂಡಿದ್ದೇನೆ.

ಮೊನ್ನೆ ಮತ್ತೆ ಮಾಡಿದೆ. ಅಳತೆಪಟ್ಟಿ ಇಟ್ಟು ಕತ್ತರಿಸಿದರೂ ಅಂಚಿನ ಚೂರು, ತಟ್ಟೆಗೆ ಅಂಟಿದ ಪುಡಿ ಒಂದು ಹಿಡಿ ಉಳಿಯಿತು. ಅದನ್ನು ಯಾವ ಲೆಕ್ಕಕ್ಕೆ ಬರೆಯಲಿ ಅಂತ ಯೋಚಿಸುತ್ತಿದ್ದೆ. ಅತ್ತೆಯವರು ಅಂಗೈಗೆ ಒಂದು ಹನಿ ತುಪ್ಪ ಸವರಿಕೊಂಡು, ಮಾತಾಡುತ್ತಲೇ ಅಷ್ಟನ್ನೂ ಬಳಿದು ಮೂರು ಉಂಡಿ ಕಟ್ಟಿ, ಒಂದನ್ನು ನನ್ನ ಲೆಕ್ಕದ ಪುಸ್ತಕದ ಮೇಲೇ ಇಟ್ಟರು.