ಪದಕವೂ ದಾಖಲೆಯೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ವೀರಗಲ್ಲು ಹೊಸ ವಸ್ತುವಲ್ಲ. ಕೆರೆಯ ಏರಿಯ ಮೇಲೋ, ದೇವಸ್ಥಾನದ ಹಿಂಬದಿಯಲ್ಲೋ, ತೋಟದ ಅಂಚಿನಲ್ಲೋ ಅದನ್ನು ಕಾಣದೆ ಬೆಳೆದವರು ನಮ್ಮಲ್ಲಿ ಕಡಮೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಣ ಪಟ್ಟಿಯಲ್ಲಿ ವೀರನನ್ನು ಕರೆದೊಯ್ಯುವ ದೇವಸ್ತ್ರೀಯರು, ಮೇಲೆ ಶಿವಸನ್ನಿಧಿ. ಪಟ್ಟಿಗಳ ನಡುವೆ ಅಕ್ಷರಗಳಿದ್ದರೆ, ಯಾವ ಅರಸನ ಆಳಿಕೆಯಲ್ಲಿ, ಯಾರ ಮಗ, ಎಲ್ಲಿ ಕಾದಿ ಮಡಿದನೆಂಬ ವಿವರ. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ ನಮ್ಮ ಈ ತಾಲ್ಲೂಕುಗಳ ಅಂಥ ಎಷ್ಟೋ ಬರಹಗಳು ಸೇರಿವೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕಲ್ಲು ಕ್ರಿ. ಶ. 950ರ ಸುಮಾರಿನದು. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಗಂಗ ಬೂತುಗನು ಊರುಗಳನ್ನು 'ಬಾಳ್ಗಚ್ಚು' ಎಂದು ಕೊಟ್ಟ ಸಂಗತಿ ಅದರಲ್ಲಿದೆ. ಬಾಳ್ ಎಂದರೆ ಕತ್ತಿ. ಕರ್ಚು ಎಂದರೆ ತೊಳೆ. ಕತ್ತಿಯನ್ನು ತೊಳೆದು ಕೊಡುವ ಕೊಡುಗೆಯೇ ಬಾಳ್ಗಚ್ಚು. ಯಾರು, ಎಲ್ಲಿ, ಏನು ಮಾಡಿದ, ಏನು ಪಡೆದ ಎಂಬ ನಾಲ್ಕು ಸಂಗತಿಗಳೂ ಒಂದೇ ಕಲ್ಲಿನಲ್ಲಿ ನಿಂತಿರುವುದನ್ನು ಗಮನಿಸಿ. ಅಂದಿನ ಪದಕವೂ ಅದೇ, ದಾಖಲೆಯೂ ಅದೇ.

ಇಂದಿನ ಸೈನ್ಯದಲ್ಲಿ ಹಾಗಲ್ಲ. ಪದಕ ಮನೆಯ ಟ್ರಂಕಿನಲ್ಲಿರುತ್ತದೆ. ಅದನ್ನು ಪಡೆದವನು ಇವನೇ ಎಂಬ ಬರಹ ನೂರಾರು ಮೈಲಿಗಳಾಚೆಯ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಎರಡೂ ಒಂದನ್ನೊಂದು ಹೇಳಿದರೆ ಸರಿ. ಎಷ್ಟೋ ಮನೆಗಳಲ್ಲಿ ಅವು ಹೇಳುವುದಿಲ್ಲ. ಯುದ್ಧಭೂಮಿಯಲ್ಲಿ ಇದ್ದು ಬಂದ ಹಿರಿಯರ ಪುಸ್ತಕದಲ್ಲಿ ಪದಕಗಳ ಕಾಲಂ ಬರಿದಾಗಿರುತ್ತದೆ. 'ದಾಖಲೆ' ಎಂಬುದು ಅರಬ್ಬಿ ಮೂಲದಿಂದ ನಮ್ಮ ಕಚೇರಿಗಳಿಗೆ ಬಂದ ಮಾತು. ಒಳಕ್ಕೆ ಸೇರಿದ್ದು ಎಂದು ಅದರ ಅರ್ಥ. ಒಳಕ್ಕೆ ಸೇರದೆ ಹೊರಗೇ ಉಳಿದ ಸೇವೆಯನ್ನು ಒಳಸೇರಿಸುವ ಬಗೆ ಹೇಗೆಂಬುದೇ ಈ ಬರಹದ ವಿಷಯ.

ಮೊದಲು ಪದಕಗಳ ಬಗೆಯನ್ನು ತಿಳಿಯಬೇಕು. ಶೌರ್ಯಪದಕಗಳು ಒಂದು ಬಗೆ: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ ಮೊದಲಾದವು. ಜನವರಿ 26ರ ವೇಳೆಗೆ ಬಾನುಲಿಯ ವಾರ್ತೆಯಲ್ಲಿ ನೀವು ಕೇಳುವ ಹೆಸರುಗಳು ಈ ಬಗೆಯವು. ಇವು ಮೇಲಧಿಕಾರಿಯ ಶಿಫಾರಸಿನಿಂದ ಬರುತ್ತವೆ. ನಾನು ಶೂರನೆಂದು ಸೈನಿಕನೇ ಅರ್ಜಿ ಹಾಕುವಂತಿಲ್ಲ. ಸೇವಾಪದಕಗಳು ಇನ್ನೊಂದು ಬಗೆ. ಇಂಥ ಕಾಲದಲ್ಲಿ, ಇಂಥ ಪ್ರದೇಶದಲ್ಲಿ, ಇಷ್ಟು ದಿನ ಕರ್ತವ್ಯದಲ್ಲಿದ್ದವರಿಗೆಲ್ಲ ನಿಯಮದಂತೆ ಸಲ್ಲತಕ್ಕವು ಇವು. 1965ರ ಯುದ್ಧಕ್ಕೆ ಸಮರ್ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ರ ಯುದ್ಧಕ್ಕೆ ಪೂರ್ವೀ ಸ್ಟಾರ್, ಪಶ್ಚಿಮೀ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್. 1999ರ ಕಾರ್ಗಿಲ್ ಕಾರ್ಯಾಚರಣೆಗೆ ಆಪರೇಷನ್ ವಿಜಯ್ ಹೆಸರಿನ ಸ್ಟಾರ್ ಮತ್ತು ಮೆಡಲ್. ಗಡಿಯ ಕಠಿಣ ನೆಲೆಗಳಲ್ಲಿ ದುಡಿದವರಿಗೆ ಸೈನ್ಯ ಸೇವಾ ಮೆಡಲ್. 9 ವರ್ಷ, 20 ವರ್ಷ ದುಡಿದವರಿಗೆ ದೀರ್ಘಸೇವೆಯ ಪದಕ. ಸ್ವಾತಂತ್ರ್ಯದ ರಜತೋತ್ಸವದ ಪದಕವು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸಂದಿತು. ಸುವರ್ಣೋತ್ಸವದ ಪದಕವು 1997ರ ಅದೇ ದಿನ ಸೇವೆಯಲ್ಲಿದ್ದವರಿಗೆ.

ಈ ಭೇದ ಏಕೆ ಮುಖ್ಯವೆಂದರೆ, ಸೇವಾಪದಕವು ದಯೆಯಲ್ಲ, ಹಕ್ಕು. ನಿಮ್ಮ ತಂದೆಯವರು 1968ರಲ್ಲಿ ಭರ್ತಿಯಾಗಿ 1983ರಲ್ಲಿ ನಿವೃತ್ತರಾಗಿದ್ದರೆ, 1972ರ ಪದಕ ಅವರಿಗೆ ಸಲ್ಲಬೇಕೆಂಬುದನ್ನು ಮನೆಯಲ್ಲಿ ಕುಳಿತೇ ಲೆಕ್ಕ ಹಾಕಬಹುದು. ಪುಸ್ತಕದಲ್ಲಿ ಅದು ಇಲ್ಲವೆಂದರೆ, ತಪ್ಪು ಎಲ್ಲಿಯೋ ಬರವಣಿಗೆಯಲ್ಲಿದೆ.

ಆ ಬರವಣಿಗೆ ನಡೆಯುವ ದಾರಿ ಹೀಗೆ. ಸೈನಿಕನು ಇರುವ ಪಲ್ಟನ್ನು ಅವನ ವರ್ಗಾವಣೆ, ಮದುವೆ, ಮಕ್ಕಳು, ಪದಕ ಮೊದಲಾದ ಸಂಗತಿಗಳನ್ನು 'ಪಾರ್ಟ್ ಟೂ ಆರ್ಡರ್' ಎಂಬ ಆದೇಶದಲ್ಲಿ ಪ್ರಕಟಿಸುತ್ತದೆ. ಅದನ್ನು ನೋಡಿ ರೆಕಾರ್ಡ್ ಆಫೀಸಿನವರು ಅವನ ಸೇವಾಪತ್ರದಲ್ಲಿ ಬರೆಯುತ್ತಾರೆ. ನಿವೃತ್ತಿಯ ದಿನ ಕೈಗೆ ಬರುವ ಡಿಸ್ಚಾರ್ಜ್ ಪುಸ್ತಕ ಅದರ ಸಾರಾಂಶ. ಆದುದರಿಂದ ಮೊದಲ ಮೆಟ್ಟಿಲಲ್ಲಿ ಬಿಟ್ಟುಹೋದದ್ದು ಕೊನೆಯ ಮೆಟ್ಟಿಲಿಗೆ ತಾನಾಗಿ ಬರಲಾರದು.

ಬಿಟ್ಟುಹೋಗುವುದಕ್ಕೆ ಕಾರಣಗಳು ಹಲವು. ಯುದ್ಧಪದಕಗಳು ಯುದ್ಧ ಮುಗಿದ ಮೇಲೆ ಸ್ಥಾಪಿತವಾಗುವಂಥವು. ಅಷ್ಟರಲ್ಲಿ ಸೈನಿಕನು ಬೇರೆ ಪಲ್ಟನ್ನಿಗೆ ಹೋಗಿರಬಹುದು, ಇಲ್ಲವೆ ಊರಿಗೇ ಮರಳಿರಬಹುದು. ಗಾಯಗೊಂಡು ಆಸ್ಪತ್ರೆಯಲ್ಲಿದ್ದವನ ಹೆಸರು ಪಲ್ಟನ್ನಿನ ಪಟ್ಟಿಯಿಂದ ಜಾರಿರಬಹುದು. ದಳವೇ ಹೆಸರು ಬದಲಿಸಿರಬಹುದು. ಮೈಸೂರು ಸಂಸ್ಥಾನದ ಒಂದನೆಯ ಕಾಲ್ದಳವು ಭಾರತ ಸೈನ್ಯದಲ್ಲಿ ವಿಲೀನವಾಗಿ ಮದ್ರಾಸ್ ರೆಜಿಮೆಂಟಿನ 18ನೆಯ ಪಲ್ಟನ್ನಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಸೇನೆಯಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ಕುದುರೆಸವಾರರು 1953-54ರಲ್ಲಿ 61ನೆಯ ಕ್ಯಾವಲ್ರಿಯಲ್ಲಿ ಸೇರಿಹೋದರು. ಹಳೆಯ ಹೆಸರು ಹಿಡಿದು ಹುಡುಕುವವರಿಗೆ ಹೊಸ ಬಾಗಿಲು ಗೊತ್ತಿರಬೇಕು.

ನಮ್ಮ ಕಡೆಯವರಿಗೆ ಇನ್ನೂ ಒಂದು ವಿಶೇಷ ತೊಡಕುಂಟು. ಹೊಳೆಬಾಗಿಲಿನ ಈಚೆ ಆಚೆ ದಡಗಳವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಶರಾವತಿ ನಿಂತಾಗ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿಗೆ ಹೋದವು. ಅದಕ್ಕೆ ಮುಂಚೆ ಸೈನ್ಯಕ್ಕೆ ಸೇರಿದವನ ಪುಸ್ತಕದಲ್ಲಿ ಇರುವುದು ಆ ಮುಳುಗಿದ ಊರಿನ ಹೆಸರು. ಮನೆಯವರು ಶಿವಮೊಗ್ಗದ ಸುತ್ತಲೋ ಇನ್ನೆಲ್ಲೋ ನೆಲೆಯೂರಿದ್ದಾರೆ. ಪದಕದ ವಿಚಾರವಾಗಿ ಬರೆದ ಕಾಗದ ಆ ವಿಳಾಸಕ್ಕೆ ಹೊರಟರೆ ಮುಟ್ಟುವುದು ಯಾರನ್ನು? ಸಾಲದೆಂಬಂತೆ ಹೊಸನಗರವು ಹಳೆಯ ಕಾಗದಗಳಲ್ಲಿ 'ನಗರ' ತಾಲ್ಲೂಕು. 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು. ಇನ್ನು ಮನುಷ್ಯನ ಹೆಸರು: ಮನೆತನದ ಹೆಸರು ಒಂದು ಕಡೆ ಉಂಟು, ಇನ್ನೊಂದು ಕಡೆ ಇಲ್ಲ, ಕನ್ನಡದ ಳಕಾರ ಣಕಾರಗಳು ಇಂಗ್ಲಿಷ್ ಬರಹದಲ್ಲಿ ಕರಗಿಹೋಗುತ್ತವೆ. ದೂರದ ಗುಮಾಸ್ತನಿಗೆ ಇಬ್ಬರು ಬೇರೆ ಬೇರೆ ಮನುಷ್ಯರಂತೆ ತೋರಿದರೆ ಆಶ್ಚರ್ಯವಿಲ್ಲ.

ಇದುವರೆಗೆ ಹೇಳಿದ್ದು ಸೇವಾಪದಕದ ಮಾತು. ಶೌರ್ಯದ ದಾಖಲೆಯನ್ನೂ ಕಾಲ ಕಳೆದ ಮೇಲೆ ತಿದ್ದಬಹುದೆ? ಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರು ಕೊಡಗಿನವರು. 1932ರಲ್ಲಿ ಹುಟ್ಟಿ, 1954ರಲ್ಲಿ ವಾಯುಸೇನೆಯ ಅಧಿಕಾರಿಯಾದವರು. ಹೊಸಬರಿಗೆ ವಿಮಾನ ನಡೆಸುವುದನ್ನು ಕಲಿಸುವ ಗುರುಗಳೂ ಆಗಿದ್ದರು. 1965ರ ಯುದ್ಧ ಬಂದಾಗ ಅವರು ಸ್ಕ್ವಾಡ್ರನ್ ಲೀಡರ್. ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿನೊಡನೆ ಇದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ದಳದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ಎರಗಲು ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ದೇವಯ್ಯನವರದು ಮೀಸಲು ಸ್ಥಾನ. ಯಾರಾದರೂ ಹಿಂದೆ ಬಿದ್ದರೆ ಆ ಜಾಗಕ್ಕೆ ಹೋಗತಕ್ಕವರು. ಅಂಥ ಸಂದರ್ಭ ಒದಗಿತು; ಅವರು ಹೋದರು; ಹಿಂದಿರುಗಲಿಲ್ಲ.

ದಳದ ಉಳಿದವರಿಗೆ ಅವರ ಗತಿ ಏನಾಯಿತೆಂದು ಕಾಣಲಿಲ್ಲ. ದಾಖಲೆಯಲ್ಲಿ ಬರೆದದ್ದು 'ಕಾಣೆಯಾದರು' ಎಂಬ ಮಾತು. ಸುಳ್ಳೆನ್ನುವಂತಿಲ್ಲ, ಆದರೆ ನಿಜದ ಎಷ್ಟು ಸಣ್ಣ ತುಣುಕು! 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಆ ಯುದ್ಧವನ್ನು ಪಾಕಿಸ್ತಾನದ ವಾಯುಸೇನೆಯ ಕಡೆಯಿಂದ ಕಂಡು ಒಂದು ಪುಸ್ತಕ ಬರೆದರು. ಅಂದು ಸರ್ಗೋಧಾದ ಬಳಿ ಒಂದು ಸ್ಟಾರ್‌ಫೈಟರ್ ವಿಮಾನವು ಮಿಸ್ಟೇರಿನೊಡನೆ ಸೆಣಸಿ ಕೆಳಗುರುಳಿತೆಂದು ಅದರಲ್ಲಿ ಬಂದಿತು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದ ವಿಮಾನ. ಮಿಸ್ಟೇರ್ ಅದರ ಮುಂದೆ ಎತ್ತಿನ ಗಾಡಿ. ಅದರ ಚಾಲಕ ಅಮ್ಜದ್ ಹುಸೇನ್ ಧುಮುಕುಕೊಡೆಯಿಂದ ಇಳಿದು ಬದುಕಿಕೊಂಡಿದ್ದರು.

ಇಷ್ಟು ತಿಳಿದ ಮೇಲೆ ಉಳಿದದ್ದು ತರ್ಕ. ಹಿಂದಿರುಗಿ ಬಂದ ಚಾಲಕರಾರೂ ಅಂಥ ಹೋರಾಟವನ್ನು ಹೇಳಿರಲಿಲ್ಲ. ಹಾಗಾದರೆ ಅದನ್ನು ಮಾಡಿದವರು ಹಿಂದಿರುಗದ ಒಬ್ಬರೇ. ಪೆಟ್ಟು ತಿಂದ ವಿಮಾನವನ್ನು ತಿರುಗಿಸಿ, ತನಗಿಂತ ಎಷ್ಟೋ ಬಲವಾದ ವಿಮಾನವನ್ನು ಉರುಳಿಸಿ, ತಾವೂ ಮಡಿದವರು ದೇವಯ್ಯನವರೆಂದು ಗೊತ್ತಾಯಿತು. ತನೇಜಾ ಅವರು ಸುಮ್ಮನಿರದೆ ವಾಯುಸೇನೆಯ ಕೇಂದ್ರಕ್ಕೆ ಬರೆದರು. 1988ರಲ್ಲಿ, ಮರಣಾನಂತರ 23 ವರ್ಷಗಳಿಗೆ, ದೇವಯ್ಯನವರಿಗೆ ಮಹಾವೀರ ಚಕ್ರ ಸಂದಿತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ಈ ಕಥೆಯಿಂದ ನಾವು ಕಲಿಯತಕ್ಕದ್ದು ಎರಡು. ಸಾಕ್ಷ್ಯವು ಯಾವ ಕಡೆಯಿಂದಲಾದರೂ ಬರಬಹುದು. ಎದುರಾಳಿಯ ಪುಸ್ತಕದಿಂದಲೂ ಬರಬಹುದು. ಆದರೆ ಸಾಕ್ಷ್ಯ ತಾನಾಗಿ ನಡೆದು ಕಚೇರಿಗೆ ಹೋಗುವುದಿಲ್ಲ. ಪುಸ್ತಕ ಬಂದ ಮೇಲೂ 9 ವರ್ಷ ಹಿಡಿಯಿತೆಂಬುದನ್ನು ನೆನೆಯಿರಿ. ಕಂಡವರು, ಬಲ್ಲವರು ಬದುಕಿರುವಾಗಲೇ ಯಾರಾದರೂ ಕಾಗದ ಬರೆಯಬೇಕು.

ಹಾಗಾದರೆ ನಿಮ್ಮ ಮನೆಯಲ್ಲಿ ನೀವು ಮಾಡತಕ್ಕದ್ದೇನು? ಮೊದಲು ಡಿಸ್ಚಾರ್ಜ್ ಪುಸ್ತಕವನ್ನೂ ಪಿಂಚಣಿಯ ಆದೇಶಪತ್ರವನ್ನೂ ಹೊರತೆಗೆಯಿರಿ. ಸೈನಿಕ ಸಂಖ್ಯೆ, ದರ್ಜೆ, ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿರಿ. ಹೆಸರಿಗಿಂತಲೂ ಸಂಖ್ಯೆ ಮುಖ್ಯ. ಹೆಸರು ಹತ್ತು ಬಗೆಯಾದೀತು, ಸಂಖ್ಯೆ ಒಂದೇ. ಟ್ರಂಕಿನಲ್ಲಿ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಸೈನ್ಯದಿಂದ ಬಂದ ಪದಕದ ಅಂಚಿನಲ್ಲಿ ಸಂಖ್ಯೆ ಮತ್ತು ಹೆಸರನ್ನು ಕೊರೆದಿರುವುದುಂಟು. ಆ ಬರಹವೂ ಸಾಕ್ಷ್ಯವೇ. ಅಂಗಡಿಯಲ್ಲಿ ಕೊಂಡ ಪ್ರತಿರೂಪಕ್ಕೆ ಆ ಬೆಲೆಯಿಲ್ಲ.

ಆಮೇಲೆ ಇರಬೇಕಾದ ಪದಕಗಳನ್ನೂ ಬರೆದಿರುವ ಪದಕಗಳನ್ನೂ ಎದುರುಬದುರಾಗಿ ಎರಡು ಸಾಲಿನಲ್ಲಿ ಬರೆಯಿರಿ. ವ್ಯತ್ಯಾಸ ಕಂಡಲ್ಲಿ, ಆಗ ತಾವು ಯಾವ ಪಲ್ಟನ್ನಿನಲ್ಲಿ, ಯಾವ ಪ್ರದೇಶದಲ್ಲಿ ಇದ್ದಿರೆಂದು ಹಿರಿಯರನ್ನೇ ಕೇಳಿ ಗುರುತು ಮಾಡಿಕೊಳ್ಳಿರಿ. ಹಳೆಯ ಕಾಗದ, ಭಾವಚಿತ್ರ, ಜತೆಗಾರರ ಹೇಳಿಕೆ, ಆಸ್ಪತ್ರೆಯ ಚೀಟಿ, ಇವು ಯಾವುವನ್ನೂ ಎಸೆಯಬೇಡಿರಿ.

ಅರ್ಜಿ ಹೋಗತಕ್ಕದ್ದು ಆಯಾ ದಳದ ರೆಕಾರ್ಡ್ ಆಫೀಸಿಗೆ. ಮದ್ರಾಸ್ ಇಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲಿದೆ, ಮರಾಠಾ ಲಘುಪದಾತಿಯವರದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನವರದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ, ಫಿರಂಗಿದಳದ್ದು ನಾಸಿಕದಲ್ಲಿ, ಸಿಗ್ನಲ್ಸ್ ದಳದ್ದು ಜಬಲ್ಪುರದಲ್ಲಿ. ನೌಕಾಪಡೆಯ ನಾವಿಕರದು ಮುಂಬಯಿಯಲ್ಲಿ, ವಾಯುಸೈನಿಕರದು ದಿಲ್ಲಿಯಲ್ಲಿ. ದಾರಿ ತಿಳಿಯದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನಿಮ್ಮ ಭಾಗದ ಕಚೇರಿಗೆ ಹೋಗಿರಿ. ಮಾಜಿ ಸೈನಿಕರ ಇಂಥ ಕಾಗದಪತ್ರಗಳಲ್ಲಿ ನೆರವಾಗುವುದು ಆ ಕಚೇರಿಯ ಕೆಲಸವೇ. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದು ದಿನ ಕಳೆಯುತ್ತಿದ್ದ ಆಚೆ ದಡದವರಿಗೆ 2025ರ ಜುಲೈಯಿಂದ ಸೇತುವೆಯೇ ಇದೆ.

ಅರ್ಜಿ ಚಿಕ್ಕದಾಗಿರಲಿ. ದೂರು, ನೋವು, ಅಭಿಮಾನಗಳಿಗೆ ಅಲ್ಲಿ ಎಡೆ ಬೇಡ. ಇಂಥ ಸಂಖ್ಯೆಯ ಇಂಥವರು ಇಂಥ ಕಾಲದಲ್ಲಿ ಇಂಥಲ್ಲಿ ಸೇವೆಯಲ್ಲಿದ್ದರು, ಇಂಥ ಪದಕ ಸಲ್ಲಬೇಕು, ದಾಖಲೆಯಲ್ಲಿ ಇಲ್ಲ, ಸೇರಿಸಿ ತಿಳಿಸಬೇಕು, ಇಷ್ಟು ಸಾಕು. ಸೈನಿಕರು ತೀರಿಕೊಂಡಿದ್ದರೆ ಪತ್ನಿಯೋ ಮಕ್ಕಳೋ ಮರಣಪತ್ರವನ್ನೂ ಸಂಬಂಧದ ಪುರಾವೆಯನ್ನೂ ಲಗತ್ತಿಸಿ ಬರೆಯಬೇಕು. ಹೆಸರಿನಲ್ಲಿ ಭೇದವಿದ್ದರೆ ಅಫಿಡವಿಟ್ಟು ಜತೆಗಿರಲಿ. ಊರು ಮುಳುಗಿದ್ದರೆ, ಹಳೆಯ ಊರು ಇದು, ಈಗಿನ ವಾಸ ಇದು ಎಂದು ತೋರಿಸುವ ಕಂದಾಯ ಇಲಾಖೆಯ ಕಾಗದವನ್ನು ಸೇರಿಸುವುದು ಲೇಸು. ಮೂಲಪತ್ರಗಳನ್ನು ಎಂದಿಗೂ ಕಳುಹಿಸಬೇಡಿರಿ. ಪ್ರತಿ ಕಳುಹಿಸಿ, ಅಂಚೆಯ ರಶೀದಿಯನ್ನು ಜೋಪಾನವಾಗಿಡಿರಿ. ಕಳೆದುಹೋದ ಪದಕಕ್ಕೆ ಬದಲಿ ಕೇಳುವುದು ಬೇರೆ ಅರ್ಜಿ. ಎರಡನ್ನೂ ಬೆರೆಸಿದರೆ ಎರಡೂ ನಿಲ್ಲುತ್ತವೆ.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ, ನಿಮ್ಮ ಸೇವಾಪತ್ರದ ಪದಕಗಳ ಪುಟದ ಪ್ರತಿಯನ್ನು ಕೇಳಬಹುದು; 30 ದಿನಗಳಲ್ಲಿ ಉತ್ತರ ಕೊಡತಕ್ಕದ್ದೆಂದು ನಿಯಮ. ಅದಕ್ಕೂ ಮೀರಿದ ವ್ಯಾಜ್ಯಗಳಿಗೆ 2007ರ ಕಾಯಿದೆಯಿಂದ ಬಂದ ಸಶಸ್ತ್ರಪಡೆಗಳ ನ್ಯಾಯಮಂಡಳಿ ಇದೆ. ಅಷ್ಟು ದೂರ ಹೋಗುವ ಅಗತ್ಯ ಎಲ್ಲರಿಗೂ ಬೀಳದು.

ಇಷ್ಟೆಲ್ಲ ಮಾಡಿದರೆ ಹಣ ಬರುವುದೆ ಎಂದು ಕೇಳುವವರುಂಟು. ಶೌರ್ಯಪದಕಗಳಿಗೆ ಮಾಸಿಕ ಭತ್ಯೆ ಉಂಟು. ಅಲ್ಲಿ ದಾಖಲೆಯ ಒಂದು ಸಾಲು ಒಬ್ಬ ವಿಧವೆಯ ಜೀವನಕ್ಕೆ ಆಧಾರವಾದೀತು. ಮೇಲೆ ಹೇಳಿದ ಸಾಮಾನ್ಯ ಸೇವಾಪದಕಗಳಿಗೆ ಅಂಥ ಭತ್ಯೆಯಿಲ್ಲ. ಆದರೆ ತಾನು ಅಲ್ಲಿದ್ದೆನೆಂದು ಮೊಮ್ಮಕ್ಕಳಿಗೆ ಹೇಳುವ ಮುದುಕರ ಮಾತಿಗೆ ಸರಕಾರದ ಪುಸ್ತಕವು 'ಹೌದು' ಎನ್ನಬೇಕೋ ಬೇಡವೋ? ಮಣಲೆರನ ಮಾತಿಗೆ ಸಾವಿರ ವರ್ಷಗಳಾಚೆಗೂ ಕಲ್ಲು ಹೌದೆನ್ನುತ್ತಿದೆ. ನಿಮ್ಮ ಮನೆಯ ಹಿರಿಯರು 1971ರಲ್ಲಿ ಇಪ್ಪತ್ತರ ತರುಣರಾಗಿದ್ದರೆ ಈಗ ಎಪ್ಪತ್ತು ದಾಟಿದ್ದಾರೆ. ಅವರ ಪರವಾಗಿ ಸಾಕ್ಷಿ ಹೇಳಬಲ್ಲ ಜತೆಗಾರರ ವಯಸ್ಸೂ ಅಷ್ಟೇ. ಮುಂದಿನ ಮಳೆಗಾಲಕ್ಕೆ ಕಾಯದೆ, ಈ ಭಾನುವಾರವೇ ಟ್ರಂಕಿನ ಬೀಗ ತೆಗೆಯುವುದು ಮೇಲು.