ಪ್ರಣಯೋತ್ಸವಗಳ ಸ್ವರೂಪ

ಪ್ರೇಮಿಗಳಿಗಾಗಿ ವರ್ಷದಲ್ಲಿ ಒಂದು ದಿನವನ್ನು ಮೀಸಲಿಡುವ ಪದ್ಧತಿ ಹಲವು ಜನಾಂಗಗಳಲ್ಲಿ ಕಂಡುಬರುತ್ತದೆ. ಅನುರಾಗವು ತಿಥಿವಾರಗಳನ್ನು ನೋಡಿ ಹುಟ್ಟುವುದಲ್ಲ. ಹೀಗಿರಲು ಅದಕ್ಕೆ ಪಂಚಾಂಗದಲ್ಲಿ ಒಂದು ಸ್ಥಾನವೇಕೆ ಬೇಕಾಯಿತೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಂಥ ಉತ್ಸವಗಳಲ್ಲಿ ಕೆಲವನ್ನು ಹೋಲಿಸಿ ನೋಡಿದಾಗ, ಉಳಿದ ದಿನಗಳಲ್ಲಿ ಸಮಾಜವು ಯಾರ ಬಾಯಿಂದ ಯಾವ ಮಾತನ್ನು ಕೇಳಲೊಲ್ಲದೋ ಆ ಮಾತಿಗೆ ಅಂದು ಅನುಮತಿ ದೊರೆಯುತ್ತದೆಂಬುದು ನಮಗೆ ಗೋಚರವಾಗುತ್ತದೆ. ಈ ಅಂಶವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಲು ಚೀನ ದೇಶದ ಚೀ-ಶೀ ಉತ್ಸವವನ್ನು ತೆಗೆದುಕೊಳ್ಳೋಣ. ಚೀನೀ ಚಾಂದ್ರಮಾನದ ಏಳನೆಯ ತಿಂಗಳ ಏಳನೆಯ ದಿನ ಇದರ ಆಚರಣೆ. ನಾವು ಅಭಿಜಿತ್ ಎಂದು ಕರೆಯುವ ನಕ್ಷತ್ರ ಅವರ ಕಥೆಯಲ್ಲಿ ನೇಯ್ಗೆಯ ಕನ್ಯೆ. ನಮ್ಮ ಶ್ರವಣ ನಕ್ಷತ್ರ ದನಕಾಯುವ ತರುಣ. ಇವರಿಬ್ಬರ ನಡುವೆ ಆಕಾಶಗಂಗೆ ಅಡ್ಡವಾಗಿ ಹರಿದಿದೆ. ವರ್ಷಕ್ಕೊಂದು ರಾತ್ರಿ ಮಾತ್ರ ಹಕ್ಕಿಗಳು ಒಟ್ಟುಗೂಡಿ ಸೇತುವೆಯಾಗಲು, ಅಗಲಿದ ದಂಪತಿಗಳು ಸಂಧಿಸುವರೆಂದು ಐತಿಹ್ಯ. ಹಿಂದೆ ಈ ರಾತ್ರಿ ಮುಖ್ಯವಾಗಿ ಹೆಣ್ಣುಮಕ್ಕಳದಾಗಿದ್ದಿತು. ಅವರು ಬೆಳುದಿಂಗಳಿನಲ್ಲಿ ಸೂಜಿಗೆ ದಾರ ಪೋಣಿಸಿ, ಕೈಕೆಲಸದಲ್ಲಿ ಕುಶಲತೆಯನ್ನೂ ಒಳ್ಳೆಯ ವರನನ್ನೂ ಬೇಡುತ್ತಿದ್ದರು. ಹಿರಿಯರೇ ವಿವಾಹವನ್ನು ನಿಶ್ಚಯಿಸುತ್ತಿದ್ದ ಆ ಸಮಾಜದಲ್ಲಿ, ಕನ್ಯೆಯೊಬ್ಬಳು ತನ್ನ ಬಯಕೆಯನ್ನು ನಕ್ಷತ್ರದ ಮುಂದಾದರೂ ಹೇಳಿಕೊಳ್ಳಲು ಒದಗುತ್ತಿದ್ದ ಅವಕಾಶವಿದು. 2006ರಲ್ಲಿ ಚೀನ ಸರ್ಕಾರ ಈ ಉತ್ಸವವನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ನಗರಗಳಲ್ಲಿ ಅದು ಹೂವು ಉಡುಗೊರೆಗಳ ದಿನವಾಗಿ ಮಾರ್ಪಟ್ಟಿದೆ.

ಇನ್ನು ಪಶ್ಚಿಮದ ಕಡೆಗೆ ತಿರುಗಿದರೆ, ಫೆಬ್ರವರಿ 14ರ ವ್ಯಾಲೆಂಟೈನ್ ದಿನ ಸುಪ್ರಸಿದ್ಧವಾಗಿದೆ. ಆ ಹೆಸರಿನ ಹುತಾತ್ಮರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದಂತೆ ತೋರುತ್ತದೆ. ಅವರ ಪ್ರಾಚೀನ ವೃತ್ತಾಂತಗಳಲ್ಲಿ ಪ್ರಣಯದ ಪ್ರಸ್ತಾಪವಿಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಆಂಗ್ಲ ಕವಿ ಚಾಸರನು, ಪಕ್ಷಿಗಳು ಆ ದಿನ ತಮ್ಮ ಸಂಗಾತಿಗಳನ್ನು ಆರಿಸಿಕೊಳ್ಳುವುದನ್ನು ಕಾವ್ಯವಸ್ತುವಾಗಿ ಮಾಡಿಕೊಂಡನು. ದಿನಕ್ಕೂ ಪ್ರೇಮಕ್ಕೂ ಸಂಬಂಧ ಸ್ಪಷ್ಟವಾಗಿ ಕಾಣುವುದು ಅಲ್ಲಿಂದೀಚೆಗೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದ ಬಳಿಕ ಹೆಸರು ಬರೆಯದ ಪ್ರೇಮಪತ್ರಗಳನ್ನು ಕಳುಹಿಸುವುದು ಬಡವರಿಗೂ ಸುಲಭವಾಯಿತು. ಎದುರಿಗೆ ನಿಂತು ಆಡಲಾರದ ಮಾತನ್ನು ಅಂಚೆಯವನು ಹೊತ್ತು ತಂದನು.

ಇದೇ ದಿನ ಜಪಾನಿಗೆ ಬಂದಾಗ ಅದರ ರೂಪ ಬದಲಾಯಿತು. 1950ರ ದಶಕದಲ್ಲಿ ಮಿಠಾಯಿ ವರ್ತಕರು ಅಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಕ್ರಮೇಣ ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುವ ರೂಢಿ ನೆಲೆಗೊಂಡಿತು. ಹೆಣ್ಣು ತಾನಾಗಿಯೇ ಪ್ರೇಮವನ್ನು ನಿವೇದಿಸಿಕೊಳ್ಳುವುದು ವಾಡಿಕೆಯಲ್ಲದ ಕಡೆ ಅವಳಿಗೆ ಮಾತಿನ ಸರದಿ ಬಂದಿತು. ಆದರೆ ಕಚೇರಿಯ ಸಹೋದ್ಯೋಗಿಗಳಿಗೂ ಕೊಡಲೇಬೇಕೆಂಬ ಕಟ್ಟುಪಾಡು ಬೆಳೆದು, ಅನುಮತಿಯೇ ಹೊರೆಯಾಯಿತು. ಈಚೆಗೆ ಇದಕ್ಕೆ ಆಕ್ಷೇಪಣೆಗಳು ಎದ್ದಿವೆ. ವರ್ತಕರ ಕೈವಾಡ ಬ್ರೆಜಿಲ್ ದೇಶದಲ್ಲಿಯೂ ಉಂಟು. ಅಲ್ಲಿ ಪ್ರೇಮಿಗಳ ದಿನ ಜೂನ್ 12. ವಿವಾಹಗಳನ್ನು ಕೂಡಿಸುವನೆಂದು ಜನ ನಂಬುವ ಸಂತ ಆಂಟನಿಯ ಹಬ್ಬದ ಮುನ್ನಾದಿನ.

ನಮ್ಮ ದೇಶದ ಸಾಕ್ಷ್ಯವೂ ಉಪೇಕ್ಷಣೀಯವಲ್ಲ. ಏಳನೆಯ ಶತಮಾನದ ಹರ್ಷನ ‘ರತ್ನಾವಳಿ’ ನಾಟಿಕೆಯ ಮೊದಲನೆಯ ಅಂಕದಲ್ಲಿ ವಸಂತೋತ್ಸವದ ವರ್ಣನೆಯಿದೆ. ಪುರಜನರು ಬಣ್ಣದ ಪುಡಿ ಎರಚಿ ನಲಿಯುತ್ತಾರೆ; ರಾಣಿ ಅಶೋಕವೃಕ್ಷದಡಿಯಲ್ಲಿ ಮನ್ಮಥನನ್ನು ಪೂಜಿಸುತ್ತಾಳೆ. ಅಂತಃಪುರದಲ್ಲಿ ಪರಿಚಾರಿಕೆಯಾಗಿ ಇರುವ ಸಾಗರಿಕೆ ಮರೆಯಲ್ಲಿ ನಿಂತು ರಾಜನನ್ನು ಕಂಡು, ಅವನನ್ನು ಸಾಕ್ಷಾತ್ ಕಾಮದೇವನೆಂದೇ ಭಾವಿಸುತ್ತಾಳೆ. ಪರಿಚಾರಿಕೆಯ ಕಣ್ಣಿಗೆ ಆ ಸ್ವಾತಂತ್ರ್ಯವನ್ನು ಕೊಟ್ಟುದು ಉತ್ಸವ.

ಕರ್ನಾಟಕದ ಕಾಮನ ಹಬ್ಬದಲ್ಲಿ ಮನ್ಮಥನ ಪೂಜೆಗಿಂತ ದಹನಕ್ಕೇ ಪ್ರಾಧಾನ್ಯ. ಫಾಲ್ಗುಣದ ಹುಣ್ಣಿಮೆಗೆ ಹುಡುಗರು ಕಟ್ಟಿಗೆ ಕುರುಳುಗಳನ್ನು ಕದ್ದು ತಂದು ಒಟ್ಟುತ್ತಾರೆ, ಬಾಯಿ ಬಡಿದುಕೊಳ್ಳುತ್ತಾರೆ; ಅಂದು ಅವಾಚ್ಯವೂ ವಾಚ್ಯವಾಗುತ್ತದೆ, ಹಿರಿಯರು ಸಹಿಸುತ್ತಾರೆ. ಆದರೆ ಈ ಸಲಿಗೆ ಬಹುಮಟ್ಟಿಗೆ ಗಂಡುಮಕ್ಕಳಿಗೆ ಸಂದುದು. ಚೀನದ ಕನ್ಯೆಯ ಮೆಲುಮಾತಿಗೂ ನಮ್ಮ ಬೀದಿಯ ಈ ಕೂಗಿಗೂ ಇರುವ ಅಂತರ, ಎಲ್ಲಿ ಯಾರಿಗೆ ಅನುಮತಿ ದೊರೆಯಿತೆಂಬುದರ ಅಂತರವೇ ಆಗಿದೆ.

ಫೆಬ್ರವರಿ ಬಂದಾಗಲೆಲ್ಲ ಪ್ರೇಮಿಗಳ ದಿನ ಸ್ವದೇಶಿಯೋ ಪರದೇಶಿಯೋ ಎಂಬ ವಾದ ನಮ್ಮಲ್ಲಿ ಏಳುತ್ತದೆ; ಒಮ್ಮೊಮ್ಮೆ ತರುಣ ತರುಣಿಯರು ಬೀದಿಯಲ್ಲಿ ಅವಮಾನಕ್ಕೂ ಗುರಿಯಾಗಿದ್ದಾರೆ. ಉತ್ಸವಗಳು ದೇಶದಿಂದ ದೇಶಕ್ಕೆ ಹೋಗುತ್ತ ರೂಪ ಬದಲಿಸುವುದನ್ನು ನೋಡಿದವರಿಗೆ ಆ ವಾದ ಬಹಳ ದೂರ ಸಾಗದು. ವರ್ಷದ ಉಳಿದ ದಿನಗಳಲ್ಲಿ ನಮ್ಮ ಯುವಜನರು ಯಾವ ಮಾತನ್ನು ನುಂಗಿಕೊಳ್ಳಬೇಕಾಗಿದೆ ಎಂದು ಕೇಳುವುದು ಹೆಚ್ಚು ಪ್ರಯೋಜನಕರ. ಕಾಮನ ಹಬ್ಬದ ಹಾಡು ಕೂಗುಗಳನ್ನು ಊರೂರಿನಿಂದ ಸಂಗ್ರಹಿಸಿ ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬೇಕಾದ ಕಾರ್ಯವಾಗಿದೆ.